ಹೊಸಿಲಿಲ್ಲದ ಆಸ್ಪತ್ರೆ

ನಕ್ಷೆ ಬರೆದು ಹೊಟ್ಟೆ ಹೊರೆಯಲು ಹೊರಟಿರುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬಂದು, “ಸಾರ್, ನಿಮ್ಮ ಕಾಲದಲ್ಲಿ ಹೇಗಿತ್ತು?” ಎಂದು ಕೇಳುತ್ತಾರೆ. ಒಂದು ಲೋಟ ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಅದು. ಅದಕ್ಕೇ ಬರೆಯಲು ಕೂತಿದ್ದೇನೆ. ಯಾವ ಬಡ್ತಿ ಯಾವಾಗ ಬಂತು ಎಂದು ಇದರಲ್ಲಿ ಹುಡುಕಬೇಡಿ. ಬಂದದ್ದು ಕಡಿಮೆ, ಕೈತಪ್ಪಿದ್ದು ಜಾಸ್ತಿ, ಎರಡಕ್ಕೂ ನಾನು ತಲೆ ಕೆಡಿಸಿಕೊಂಡವನಲ್ಲ. ಆದರೆ ಆಡಿದ ಜಗಳ ಒಂದನ್ನೂ ಮರೆತಿಲ್ಲ. ಪಿಂಚಣಿ ಬರಲು ಶುರುವಾದ ಮೇಲೆ ಮನುಷ್ಯ ಮೆತ್ತಗಾಗುತ್ತಾನೆ ಅಂತಾರೆ. ನಾನಂತೂ ಆಗಿಲ್ಲ.

ನಾನು ಗೆಜ್ಜಲಗೆರೆಯ ಒಕ್ಕಲು ಮನೆಯವನು. ಬೊಂಬಾಯಿಗೆ ಹೋಗಿ ಕಟ್ಟಡ ವಿನ್ಯಾಸ ಕಲಿತು, ಮೂವತ್ತರ ದಶಕದ ಮೊದಲ ಭಾಗದಲ್ಲಿ ಮಂಡ್ಯಕ್ಕೆ ವಾಪಸು ಬಂದಾಗ ನನ್ನ ಕೆಲಸಕ್ಕೆ ನಮ್ಮ ಕಡೆ ಒಂದು ಹೆಸರೇ ಇರಲಿಲ್ಲ. ಇಂಜಿನಿಯರ್ ಅಂದರೆ ಜನಕ್ಕೆ ಗೊತ್ತಿತ್ತು, ಮೇಸ್ತ್ರಿ ಅಂದರೆ ಗೊತ್ತಿತ್ತು. ಈ ನಡುವಿನವನು ಯಾರು? ಗದ್ದೆಯ ಬದುವಿನ ಮೇಲೆ ನಿಂತು ಅಪ್ಪ ಕೇಳಿದ:

“ಲೇ, ಮನೆ ಕಟ್ಟಾನು ಮೇಸ್ತ್ರಿ, ಕಟ್ಟಿಸ್ಕಳ್ಳಾನು ಯಜಮಾನ. ಮದ್ಯ ನಿಂದೇನ್ಲಾ ಕೆಲ್ಸ?”

“ಹೆಂಗೆ ಕಟ್ಟಬೇಕು ಅಂತ ಬರ್ದು ಕೊಡೋದು ಕಣಪ್ಪ.”

“ಅದ್ನೂ ಬರೀಬೇಕಾ? ಕಟ್ಟಕೆ ನಿಂತ್ರೆ ತಾನಾಗೇ ಗೊತ್ತಾಗಕಿಲ್ವಾ?”

ಅಪ್ಪ ಸಾಯುವ ತನಕ ಈ ಪ್ರಶ್ನೆ ಬಿಡಲಿಲ್ಲ. ನಾನೂ ಸರಿಯಾದ ಉತ್ತರ ಕೊಡಲಿಲ್ಲ. ಸರ್ಕಾರದ ಕಟ್ಟಡಗಳ ವಿಭಾಗದಲ್ಲಿ ಕೆಲಸ ಸಿಕ್ಕಿತು, ಸೇರಿಕೊಂಡೆ.

ಮಂಡ್ಯದಲ್ಲಿ ಆಗ ನಾಲೆಯ ನೀರು ಬಂದ ಹೊಸತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕಬ್ಬು ನಿಂತಿತ್ತು, ಕಬ್ಬಿನ ಹಿಂದೆ ಕಾರ್ಖಾನೆ, ಕಾರ್ಖಾನೆಯ ಹಿಂದೆ ಬಂಗಲೆ, ಕಚೇರಿ, ಸ್ಕೂಲು. ಎಲ್ಲಿ ನೋಡಿದರೂ ಸುಣ್ಣ ಅರೆಯುವ ಗಾಣ ತಿರುಗುತ್ತಿತ್ತು. ಸಿಮೆಂಟು ಆಗತಾನೇ ಕಾಲಿಡುತ್ತಿತ್ತು. ಅದನ್ನು ಕಲಸುವ ಯಂತ್ರ ಇರಲಿಲ್ಲ, ಸಲಿಕೆಯಲ್ಲಿ ಕಲಸಿ, ಹೆಣ್ಣಾಳುಗಳು ಬಾಣಲಿಯಲ್ಲಿ ಹೊತ್ತು ತಾರಸಿಗೆ ಹಾಕುತ್ತಿದ್ದರು. ನಕ್ಷೆಯ ಪ್ರತಿ ತೆಗೆಯಬೇಕಾದರೆ ಗಾಜಿನ ಚೌಕಟ್ಟಿಗೆ ಹಾಕಿ ಕಚೇರಿಯ ಅಂಗಳದಲ್ಲಿ ಬಿಸಿಲಿಗೆ ಇಡಬೇಕಿತ್ತು. ಮೋಡ ಮುಚ್ಚಿದ ದಿನ ಕಚೇರಿಗೇ ರಜೆ ಇದ್ದ ಹಾಗೆ. ಈಗ ಗುಂಡಿ ಒತ್ತಿದರೆ ಪ್ರತಿ ಬರುತ್ತದೆ, ತಪ್ಪು ನಕ್ಷೆಯೂ ಅಷ್ಟೇ ಬೇಗ ಬರುತ್ತದೆ.

ನನ್ನ ಮೇಲಧಿಕಾರಿಯನ್ನು ಎಲ್ಲರೂ ಸಾಹೇಬರು ಎಂದೇ ಕರೆಯುತ್ತಿದ್ದರು, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಮೈಸೂರಿನವರು, ಜರಿ ರುಮಾಲು, ಮುಚ್ಚುಕೋಟು, ಕಿರ್ರೆನ್ನುವ ಬೂಟು. ಲಂಚ ಮುಟ್ಟಿದವರಲ್ಲ, ಕೆಟ್ಟವರೂ ಅಲ್ಲ. ಆದರೆ ಬರಿಯ ಗೋಡೆಯನ್ನು ಕಂಡರೆ ಬಟ್ಟೆಯಿಲ್ಲದ ಮನುಷ್ಯನನ್ನು ಕಂಡಷ್ಟು ನಾಚಿಕೊಳ್ಳುತ್ತಿದ್ದರು. ನಾನು ನೆಟ್ಟಗೆ ಗೆರೆ ಎಳೆದು ಚಪ್ಪಟೆ ತಾರಸಿ ಬರೆದುಕೊಟ್ಟರೆ, ಅವರು ಕೆಂಪು ಪೆನ್ಸಿಲಿನಲ್ಲಿ ನೆತ್ತಿಗೆ ಒಂದು ಗುಮ್ಮಟ, ಮೂಲೆಗೆ ಎರಡು ಕಲಶ, ಕಿಟಕಿಯ ತಲೆಗೆ ಒಂದು ಕಮಲ ಬರೆದು ವಾಪಸು ಕಳಿಸುತ್ತಿದ್ದರು. ನಾನು ರಬ್ಬರು ತೆಗೆದುಕೊಂಡು ಕಮಲ ಅಳಿಸಿ ಮತ್ತೆ ಕಳಿಸುತ್ತಿದ್ದೆ. ಕಚೇರಿಯವರು ನನಗೆ “ಬೋಳು ಇಂಜಿನಿಯರ್” ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ. ತಲೆಯಲ್ಲಿ ಆಗ ಕೂದಲು ದಂಡಿಯಾಗಿತ್ತು.

ಬಸರಾಳಿನಲ್ಲಿ ಒಂದು ಸ್ಕೂಲು ಕಟ್ಟಬೇಕಾಗಿ ಬಂತು. ಅಲ್ಲಿ ಹೊಯ್ಸಳರ ಕಾಲದ ದೇವಸ್ಥಾನ ಇದೆ, ಗೋಡೆಯ ಉದ್ದಕ್ಕೂ ಆನೆಗಳ ಸಾಲು. ಊರಿನ ಪಟೇಲರು ನನ್ನ ನಕ್ಷೆಯನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿ, “ಬುದ್ಧೀ, ದೇವಸ್ತಾನದಲ್ಲಿ ಅಷ್ಟೊಂದು ಕೆತ್ನೆ ಅದೆ. ಮಕ್ಳ ಸ್ಕೂಲು ಬೆಂಕಿಪೊಟ್ಣ ಇದ್ದಂಗದಲ್ಲಾ?” ಎಂದರು. ಸಾಹೇಬರಿಗೆ ಅಷ್ಟೇ ಸಾಕಾಗಿತ್ತು. ಕಿಟಕಿಗಳ ಕೆಳಗೆ ಸಿಮೆಂಟಿನ ಆನೆ ಸಾಲು ಮಾಡಿಸಿ ಎಂದು ಅಪ್ಪಣೆಯಾಯಿತು. ನಾನು ಹೇಳಿದೆ: “ಸಾರ್, ಆ ಆನೆ ಕೆತ್ತಿದವನು ಕಲ್ಲಿನ ಜೊತೆ ಗುದ್ದಾಡಿದಾನೆ. ನಾವು ಅಚ್ಚಿಗೆ ಸಿಮೆಂಟು ಸುರಿದು ಆನೆ ಅಂದರೆ ಅವನನ್ನ ಆಡಿಕೊಂಡ ಹಾಗಾಗುತ್ತೆ.” ಕೇಳಲಿಲ್ಲ. ಸರಿ, ಮಾದರಿಗೆ ಎರಡು ಮಾಡಿಸಿದೆ. ಅಚ್ಚಿನಿಂದ ತೆಗೆದಾಗ ಒಂದರ ಸೊಂಡಿಲು ಅರ್ಧಕ್ಕೆ ಮುರಿದಿತ್ತು, ಇನ್ನೊಂದರ ಕಾಲು ಹೊಟ್ಟೆಗೆ ಅಂಟಿಕೊಂಡಿತ್ತು. ಊರಿನ ಮಕ್ಕಳೆಲ್ಲ ಸುತ್ತ ನಿಂತು, “ಅಂದೀ ಕಣ್ಲಾ, ಅಂದಿ!” ಎಂದು ಕುಣಿದರು. ಸಾಹೇಬರು ಆ ವಿಷಯ ಮತ್ತೆ ಎತ್ತಲಿಲ್ಲ. ಆ ಹಂದಿಗಳನ್ನು ನಾನು ಬೇಕೆಂದೇ ಮಾಡಿಸಿದೆ ಎಂದು ಕೊನೆಯವರೆಗೂ ಅವರಿಗೆ ಗುಮಾನಿಯಿತ್ತು. ಇರಲಿ ಎಂದು ನಾನೂ ಬಿಟ್ಟೆ.

ಮದ್ದೂರಿನ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆ ಯಾರಾದರೂ ಹೇಳುತ್ತಾರೆ. ಅಲ್ಲಿ ನಾನು ಕಟ್ಟಿಸಿದ ಒಂದು ಸಣ್ಣ ಕಚೇರಿಯ ತಾರಸಿ ಮೊದಲ ಮಳೆಗೇ ಸೋರಿತು. ಗುಮಾಸ್ತರು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಲೇಖನಿ ಹಿಡಿದು ಕೂತಿದ್ದನ್ನು ಸಾಹೇಬರು ಕಾರಿನಲ್ಲಿ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. “ನೋಡ್ರೀ ನಿಮ್ಮ ಹೊಸ ಕಾಲ!” ಅಂದರು. ಸೋರಿತು, ಹೌದು. ಚಪ್ಪಟೆ ಎಂಬ ಕಾರಣಕ್ಕಲ್ಲ, ನೀರು ಹರಿಯಲು ಇಳಿಜಾರು ಸಾಲದಿದ್ದ ಕಾರಣಕ್ಕೆ. ಮೇಲೆ ಇನ್ನೊಂದು ಪದರ ಗಾರೆ ಹಾಕಿಸಿ ನೀರಿಗೆ ದಾರಿ ಮಾಡಿದೆ, ನಿಂತುಹೋಯಿತು. ಎದುರಿಗಿದ್ದ ಹೆಂಚಿನ ಕಟ್ಟಡವನ್ನು ಕೋತಿಗಳು ವರ್ಷಕ್ಕೊಂದು ಸಲ ಬಯಲು ಮಾಡುತ್ತಿದ್ದವು. ಅದನ್ನು ತೋರಿಸಲು ಯಾರೂ ಯಾರನ್ನೂ ಕಾರಿನಲ್ಲಿ ಕರೆದುಕೊಂಡು ಹೋಗಲಿಲ್ಲ.

ಇಷ್ಟೆಲ್ಲ ಕಚೇರಿಯಲ್ಲಿ ಹೇಳಿದರೆ ಕೇಳುವವರಿಲ್ಲ ಎಂದು ಬರೆಯಲು ಶುರುಮಾಡಿದೆ. ಒಂದು ವಾರಪತ್ರಿಕೆಯವರು ಹಾಕಿಕೊಂಡರು. ಅಡುಗೆಮನೆಗೆ ಹೊಗೆ ಹೋಗುವ ದಾರಿ ಬೇಕು, ಮಲಗುವ ಕೋಣೆಗೆ ಗಾಳಿ ಬೇಕು, ಪಾಳೇಗಾರನ ಕೋಟೆಯನ್ನು ನೋಡಿಕೊಂಡು ಗುಮಾಸ್ತನ ಮನೆ ಕಟ್ಟಬೇಡಿ, ಇಂಥವೇ ಮಾತುಗಳು. ಬೈದು ಬರೆದವರು ಬಹಳ ಜನ. ಒಬ್ಬರಂತೂ “ಈ ಮನುಷ್ಯ ತನ್ನ ಹೆಂಡತಿಯ ಒಡವೆಯನ್ನೂ ಕಿತ್ತಿಟ್ಟಿರಬೇಕು” ಎಂದು ಬರೆದರು. ನನ್ನ ಹೆಂಡತಿ ಜಯಮ್ಮ ಅದನ್ನು ಓದಿ ಕೈಬಳೆ ಅಲ್ಲಾಡಿಸುತ್ತಾ ದಿನವೆಲ್ಲ ನಕ್ಕಳು. ಅವಳದು ಮಳವಳ್ಳಿಯ ಪಕ್ಕದ ಹಳ್ಳಿ, ಗೌಡರ ಮನೆ. ಹುಡುಗಿಯರು ಓದುವುದು ಅಪರೂಪವಾಗಿದ್ದ ಕಾಲದಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ್ದಳು. ನಾನು ಬರೆದದ್ದನ್ನೆಲ್ಲ ಅವಳೇ ಮೊದಲು ಓದುತ್ತಿದ್ದದ್ದು.

ಈಗ ಹೊಸಿಲಿನ ವಿಷಯಕ್ಕೆ ಬರುತ್ತೇನೆ. ನನ್ನ ಬದುಕಿನಲ್ಲಿ ಹಟ ಹಿಡಿದು ಕೂತ ಕೆಲಸ ಒಂದಿದ್ದರೆ ಅದು ಇದೇ.

ನಮ್ಮ ಮಾವನವರ ಮನೆ ಹಳೇ ತೊಟ್ಟಿಮನೆ. ಒಳಕೋಣೆಗೊಂದು ಹೊಸಿಲು, ನಡುಮನೆಗೊಂದು, ಪಡಸಾಲೆಗೊಂದು, ತಲೆಬಾಗಿಲಿಗೊಂದು, ಎಲ್ಲವೂ ಗೇಣೆತ್ತರ. ಜಯಮ್ಮನ ಅಕ್ಕ ಲಕ್ಷ್ಮಮ್ಮ ಹೆರಿಗೆಗೆ ತವರಿಗೆ ಬಂದಿದ್ದಳು. ನಾವೂ ನೋಡಿಕೊಂಡು ಬರೋಣ ಎಂದು ಹೋಗಿದ್ದೆವು. ಮಧ್ಯಾಹ್ನದ ಹೊತ್ತಿಗೆ ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸೋಣ ಎಂದು ಹೊರಗೆ ಬಾಡಿಗೆ ಕಾರು ತಂದು ನಿಲ್ಲಿಸಿದೆವು. ಮಂಚ ಬಾಗಿಲಲ್ಲಿ ಹಿಡಿಸಲಿಲ್ಲ. ಕಂಬಳಿಯಲ್ಲಿ ಎತ್ತಿಕೊಂಡೆವು, ತಲೆಯ ಕಡೆ ನಾನು ಹಿಡಿದಿದ್ದೆ. ಒಂದೊಂದು ಹೊಸಿಲಿಗೂ ನಿಲ್ಲುವುದು, ಹಿಂದಕ್ಕೆ ನಡೆಯುವವನು ಕಾಲಿಗೆ ಜಾಗ ತಡಕುವುದು, ಕಂಬಳಿ ಜಾರುವುದು, ಕೆಳಗೆ ಇಳಿಸುವುದು, ಮತ್ತೆ ಎತ್ತುವುದು. ಇಳಿಸಿದಾಗೆಲ್ಲ ಅವಳು ನರಳುತ್ತಿದ್ದಳು. ತಲೆಬಾಗಿಲ ಹೊಸಿಲಿಗೆ ಇಳಿಸಿದಾಗ ನರಳಲಿಲ್ಲ.

ಹೊಸಿಲೇ ಕೊಂದಿತು ಎನ್ನುವಷ್ಟು ದಡ್ಡ ನಾನಲ್ಲ. ಕಾರು ಹತ್ತಿಸಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ದೇವರಿಗೇ ಗೊತ್ತು. ಆದರೆ ನನಗೆ ತಡೆಯಲಾರದಷ್ಟು ದುಃಖವಾಯಿತು, ದುಃಖಕ್ಕಿಂತ ಕೋಪ ಹೆಚ್ಚು ಬಂತು. ಇಷ್ಟು ವರ್ಷವಾದರೂ ಆ ಕೋಪ ಇಳಿದಿಲ್ಲ. ಇಳಿಸಿಕೊಳ್ಳಲು ನಾನು ಪ್ರಯತ್ನಪಟ್ಟವನೂ ಅಲ್ಲ.

ಮಾರನೆಯ ವರ್ಷ ಮಳವಳ್ಳಿಯಲ್ಲಿ ಹೆರಿಗೆ ಆಸ್ಪತ್ರೆ ಕಟ್ಟುವ ಕೆಲಸ ನನ್ನ ಮೇಜಿಗೆ ಬಂತು. ನಾನು ಬರೆದ ನಕ್ಷೆಯಲ್ಲಿ ಒಂದು ಬಾಗಿಲಿಗೂ ಹೊಸಿಲಿರಲಿಲ್ಲ. ರಸ್ತೆಯಿಂದ ಮೆಟ್ಟಿಲ ಪಕ್ಕದಲ್ಲೇ ಇಳಿಜಾರು ದಾರಿ, ಅಲ್ಲಿಂದ ಹೆರಿಗೆ ಕೋಣೆಯವರೆಗೂ ಒಂದೇ ಸಮ ನೆಲ. ಗಾಡಿಯಿಂದ ಇಳಿಸಿದವಳನ್ನು ಚಕ್ರದ ಮಂಚದ ಮೇಲೆ ಮಲಗಿಸಿ ತಳ್ಳಿದರೆ ಎಲ್ಲೂ ನಿಲ್ಲದೆ ಒಳಗೆ ಹೋಗಬೇಕು. ಅದೇ ಕಾವಿನಲ್ಲಿ “ಹೊಸಿಲು ಯಾರಿಗೆ ಬೇಕು?” ಎಂದು ಒಂದು ಲೇಖನವನ್ನೂ ಬರೆದೆ. ಮರದ ತುಂಡಿಗೆ ಅರಿಶಿನ ಬಳಿದು ಕೈಮುಗಿಯುತ್ತೇವೆ, ಅದನ್ನು ಎಡವಿ ಬೀಳುವ ಬಸುರಿಗೆ ಕಣ್ಣು ನೆಟ್ಟಗಿಲ್ಲ ಎಂದು ಬೈಯುತ್ತೇವೆ ಎಂದು ಚೆನ್ನಾಗಿಯೇ ಝಾಡಿಸಿದ್ದೆ.

ಮೊದಲ ಏಟು ಮನೆಯಲ್ಲೇ ಬಿತ್ತು. ಜಯಮ್ಮ ಪತ್ರಿಕೆಯನ್ನು ಮಡಿಸಿ ನನ್ನ ಮುಂದೆ ಇಟ್ಟಳು.

“ದಿನಾ ಎದ್ದು ಹೊಸ್ಲು ತೊಳ್ದು ರಂಗೋಲಿ ಬಿಡೋಳು ನಾನು ಕಣ್ರೀ. ಊರೋರ್ ಮುಂದೆ ನನ್ನ ಆಡ್ಕಂಡಿದೀರಲ್ಲ.”

“ನಿನ್ನನ್ನಲ್ಲ ಕಣೇ, ಪದ್ಧತೀನ.”

“ಪದ್ದತಿ ಎದ್ದು ರಂಗೋಲಿ ಬಿಡ್ತದಾ? ಬಿಡೋಳು ನಾನು. ಅಕ್ಕನ್ ವಿಸ್ಯ ಬರ್ದಿದ್ರೆ ನಾನೂ ಒಪ್ತಿದ್ದೆ. ಅದ್ನ ಬರೀದೆ ಬರೀ ಬೈದಿದೀರಿ.”

ಲಕ್ಷ್ಮಮ್ಮನ ವಿಷಯ ಪತ್ರಿಕೆಯಲ್ಲಿ ಬರೆಯಲು ನನಗೆ ಕೈ ಬಂದಿರಲಿಲ್ಲ. ಹಾಗೆಂದು ಹೇಳಿದೆ. ಆವತ್ತಿನ ಸಾರಿಗೆ ಉಪ್ಪೇ ಇರಲಿಲ್ಲ, ನಾನೂ ಕೇಳದೆ ಉಂಡೆ.

ಎರಡನೆಯ ಏಟು ಕಚೇರಿಯದು. ಸರ್ಕಾರಿ ನೌಕರ ಜನರ ಭಾವನೆಗೆ ನೋವಾಗುವಂತೆ ಬರೆದದ್ದಕ್ಕೆ ಕ್ಷಮೆ ಕೇಳಿ ಬರೆದುಕೊಡಬೇಕು ಎಂದು ಸಾಹೇಬರು ಹೇಳಿದರು. ಬರೆದುಕೊಟ್ಟೆ: “ಲೇಖನದಲ್ಲಿ ಒಂದು ಕಡೆ ಅಚ್ಚಿನ ತಪ್ಪಾಗಿದೆ. ಅದಕ್ಕೆ ವಿಷಾದಿಸುತ್ತೇನೆ.” ಸಾಹೇಬರು ಅದನ್ನು ಎರಡು ಸಲ ಓದಿದರು. “ನಿಮ್ಮ ಊರು ಯಾವುದ್ರೀ?” ಎಂದರು. ಗೆಜ್ಜಲಗೆರೆ ಎಂದೆ. “ಗೊತ್ತಾಯಿತು, ಹೋಗಿ” ಎಂದರು.

ಆಸ್ಪತ್ರೆ ಎದ್ದು ನಿಂತಿತು. ಉದ್ಘಾಟನೆಗೆ ದೊಡ್ಡವರೆಲ್ಲ ಬಂದು ಹೋದರು. ಮೈಸೂರಿನಿಂದ ಒಬ್ಬ ಡಾಕ್ಟರಮ್ಮ ಬಂದು ಕೆಲಸಕ್ಕೆ ಸೇರಿದರು. ಹಾಸಿಗೆಗಳಿಗೆ ಬಿಳಿ ಬಟ್ಟೆ ಹಾಸಿದ್ದಾಯಿತು. ಹೆರಲು ಮಾತ್ರ ಒಬ್ಬರೂ ಬರಲಿಲ್ಲ.

ಬರುತ್ತಿದ್ದರು, ಬಾಗಿಲ ತನಕ. ನಾನೇ ಒಂದು ದಿನ ಹೋಗಿ ನಿಂತು ನೋಡಿದೆ. ತುಂಬಿದ ಬಸುರಿಯನ್ನು ಕರೆತಂದ ಒಬ್ಬಳು ಅಜ್ಜಿ ಹೆರಿಗೆ ಕೋಣೆಯ ಬಾಗಿಲಲ್ಲಿ ಬಗ್ಗಿ ನೆಲ ಸವರಿದಳು. “ಇದೇನವ್ವಾ, ಹೊಸ್ಲೇ ಇಲ್ಲ! ಬಾಣ್ತಿ ಕ್ವಾಣೆಗೆ ಬೇನ್ ಸೊಪ್ಪು ಎಲ್ಲಿ ಮಡಗ್ತೀರಿ, ಕಬ್ಣ ಎಲ್ಲಿ ಮಡಗ್ತೀರಿ? ಗಾಳಿ ಗ್ರಾಚಾರ ಎಲ್ಲಾ ಸಲೀಸಾಗಿ ಒಳೀಕ್ ಬರ್ಲಿ ಅಂತ್ಲಾ? ಹೊಸ್ಲಿಲ್ದೇ ಇರೋದು ಮಸಾಣದ ಮಂಟಪ ಕಣವ್ವ. ನಡೀ ಮಗಾ, ನಮ್ಮನೆ ಕೊಟ್ಗೆನೇ ವಾಸಿ.” ಬಂದ ದಾರಿಯಲ್ಲೇ ಹೊರಟುಹೋದರು. ನಮ್ಮ ಕಡೆ ಬಾಣಂತಿ ಕೋಣೆಯ ಹೊಸಿಲ ಮೇಲೆ ಬೇವಿನ ಸೊಪ್ಪು, ಕುಡುಗೋಲು ಇಡುವುದು, ಕೆಟ್ಟದ್ದು ಒಳಗೆ ಬರದಿರಲಿ ಎಂದು ಪೊರಕೆ ಅಡ್ಡ ಹಾಕುವುದು, ಇವೆಲ್ಲ ನಾನು ಹುಟ್ಟಿದಂದಿನಿಂದ ನೋಡಿದ್ದೇ. ಆದರೂ ಅವನ್ನು ಇಡುವ ಜಾಗವನ್ನೇ ನಾನು ತೆಗೆದುಹಾಕಿದ್ದೇನೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೊಸಿಲು ಇಡಿಸುತ್ತಿರಲಿಲ್ಲ, ಆ ಮಾತು ಬೇರೆ.

ಡಾಕ್ಟರಮ್ಮನೂ ನನ್ನ ಕಡೆಗಿರಲಿಲ್ಲ. “ನೋಡಿ, ನಿಮ್ಮ ನೆಲ ನನಗೆ ಇಷ್ಟವೇ. ತೊಳೆಯೋಕೆ ಇಷ್ಟು ಸುಲಭವಾದ್ದು ನಾನು ಎಲ್ಲೂ ನೋಡಿಲ್ಲ. ಆದರೆ ಖಾಲಿ ಹಾಸಿಗೆ ಕಾಯೋಕೆ ನಾನು ಇಲ್ಲಿಗೆ ಬಂದಿಲ್ಲ. ಒಂದೊಂದು ಮರದ ಪಟ್ಟಿ ಹೊಡೆಸಿಬಿಡಿ” ಎಂದರು. ನಾನು ಆಗುವುದಿಲ್ಲ ಎಂದೆ. ಮಂಡ್ಯಕ್ಕೆ ಬಂದರೆ ಸಾಹೇಬರ ಬುಲಾವು ಕಾದಿತ್ತು.

“ಮುಂದಿನ ತಿಂಗಳು ನಾನು ಮಳವಳ್ಳಿಗೆ ಬರ್ತೀನಿ. ಅಷ್ಟರಲ್ಲಿ ಒಬ್ಬ ಬಾಣಂತಿಯನ್ನಾದರೂ ತೋರಿಸಿ. ಇಲ್ಲದಿದ್ದರೆ ಬಡಗಿಯನ್ನು ಜೊತೆಯಲ್ಲೇ ಕರಕೊಂಡು ಬರ್ತೀನಿ, ಎಲ್ಲ ಬಾಗಿಲಿಗೂ ಹೊಸಿಲು ಕೂರುತ್ತೆ.” ಅಷ್ಟಕ್ಕೇ ಬಿಡದೆ, “ನಿಮ್ಮ ಮನೆಯವರೂ ತುಂಬಿದ ಬಸುರಿಯಂತಲ್ಲ. ಅವರನ್ನ ಅಲ್ಲಿ ಸೇರಿಸ್ತೀರೇನ್ರೀ?” ಎಂದು ಕೇಳಿದರು.

ಪಕ್ಕದ ಮೇಜಿನವರು ತಲೆ ತಗ್ಗಿಸಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೆ ಜಯಮ್ಮನ ಟ್ರಂಕು ಆಗಲೇ ತವರಿಗೆ ಹೋಗಲು ಕಟ್ಟಿ ಕೂತಿತ್ತು. ಚೊಚ್ಚಲು ಹೆರಿಗೆ ತವರಿನಲ್ಲಿ ತಾನೇ?

ಸಂಜೆ ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಆಸ್ಪತ್ರೆಗೆ ಬಾ ಎಂದು ಮಾತ್ರ ಕೇಳಲಿಲ್ಲ. ಅವಳು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು.

“ಕೇಳಾಕೆ ಬಾಯಿ ಬರಾಕಿಲ್ವಾ?”

“ಕೇಳಿದರೆ ನನ್ನ ಹಟಕ್ಕೆ ನಿನ್ನ ಹೊಟ್ಟೆ ಅಡ ಇಟ್ಟ ಹಾಗಾಗುತ್ತೆ.”

“ನಿಮ್ಮ ಹಟಕ್ಕೆ ನಾನ್ ಬರಾಕಿಲ್ಲ. ನಿಮ್ಮ ಲೇಖನಕ್ಕೂ ಬರಾಕಿಲ್ಲ. ಅಕ್ಕ ಮಲಗಿದ್ದ ಆ ಕ್ವಾಣೇಲಿ ನಾನು ಮಲಗಾಕಿಲ್ಲ ಕಣ್ರೀ. ನಂಗೆ ಭಯ ಆಯ್ತದೆ.” ಅವಳ ಕಣ್ಣಲ್ಲಿ ನೀರು ಬಂದಿತ್ತು. “ಆಸ್ಪತ್ರೇಗೇ ಬತ್ತೀನಿ. ಅವ್ವನ್ನ ಒಪ್ಸೋದು ನಿಮ್ಮ ಕೆಲ್ಸ.”

ಆ ಕೆಲಸ ನನ್ನಿಂದ ಆಗಲಿಲ್ಲ. ನಮ್ಮತ್ತೆ ಚಿಕ್ಕತಾಯಮ್ಮನವರು ಎತ್ತರದ ಆಳು, ದೊಡ್ಡ ಗಂಟಲು, ಸುತ್ತ ನಾಲ್ಕು ಹಳ್ಳಿಯಲ್ಲಿ ಅವರ ಮಾತಿಗೆ ಎದುರಿಲ್ಲ. ದೊಡ್ಡ ಮಗಳು ಹೋದ ಮೇಲೆ ಪೂಜೆ ವ್ರತ ಎಲ್ಲ ಎರಡರಷ್ಟು ಮಾಡಿಕೊಂಡಿದ್ದರು. ಸುದ್ದಿ ಹೇಳಿದಾಗ ಎದ್ದು ಅಡುಗೆಮನೆಗೆ ಹೋಗಿಬಿಟ್ಟರು. ಜಯಮ್ಮನಿಗೆ ನೋವು ಬಂದು ಆಸ್ಪತ್ರೆಗೆ ಸೇರಿಸಿದ ದಿನ ಮಾತ್ರ ಎತ್ತಿನ ಗಾಡಿ ಕಟ್ಟಿಸಿಕೊಂಡು ಬಂದಿಳಿದರು, ಕಂಕುಳಲ್ಲಿ ಒಂದು ಕುಡುಗೋಲು, ಕೈಯಲ್ಲಿ ಬೇವಿನ ಸೊಪ್ಪು. ಹೆರಿಗೆ ಕೋಣೆಯ ಬಾಗಿಲಿಗೆ ಬಂದು ನೆಲ ನೋಡಿದರು, ನನ್ನ ಮುಖ ನೋಡಿದರು.

“ಇವ್ನ ಎಲ್ಲಿ ಮಡಗ್ಲಿ ಅಳೀಮಯ್ಯಾ?”

ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

“ಜಾಗ ಮಾಡಿಲ್ಲ ಅಲ್ವಾ? ಆಗ್ಲಿ ಬುಡಿ. ನಾನೇ ಕೂತ್ಕತೀನಿ. ಅದೇನ್ ಬತ್ತದೋ ಬರ್ಲಿ, ನನ್ನ ದಾಟ್ಕಂಡು ಬರ್ಲಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿನ ಉದ್ದಕ್ಕೂ ಅಡ್ಡ ಕೂತುಬಿಟ್ಟರು. ಕುಡುಗೋಲು ಒಂದು ಮಗ್ಗುಲಿಗೆ, ಬೇವಿನ ಸೊಪ್ಪು ಇನ್ನೊಂದು ಮಗ್ಗುಲಿಗೆ. ನಾನು ನಕ್ಷೆಯಲ್ಲಿ ಬರೆಯದೆ ಬಿಟ್ಟ ಹೊಸಿಲಿನ ಜಾಗದಲ್ಲಿ ನಮ್ಮತ್ತೆ ದಪ್ಪ ನೂಲಿನ ಸೀರೆ ಉಟ್ಟು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡಾಕ್ಟರಮ್ಮ ಏಳಿ ಎಂದರು, ಏಳಲಿಲ್ಲ. “ಮಂಚ ಬತ್ತದೆ ಅಂದ್ರೆ ಯೋಳಿ, ಸರ್ಕತೀನಿ. ಎದ್ದೋಗು ಅನ್ಬ್ಯಾಡಿ” ಎಂದರು. ಹಾಗೇ ಮಾಡಿದರು. ಚಕ್ರದ ಸದ್ದು ಕೇಳಿದರೆ ಸಾಕು, ಸೀರೆ ಒಟ್ಟುಮಾಡಿಕೊಂಡು ಗೋಡೆಗೆ ಒತ್ತಿಕೊಳ್ಳುತ್ತಿದ್ದರು. ಮಂಚ ಒಳಗೆ ಹೋದ ಮೇಲೆ ಮತ್ತೆ ಅಡ್ಡ.

ಜಯಮ್ಮನಿಗೂ ಸುಲಭವಾಗಲಿಲ್ಲ. ಮಗು ಅಡ್ಡ ತಿರುಗಿತ್ತು. ವಾರ್ಡಿನಿಂದ ಹೆರಿಗೆ ಕೋಣೆಗೆ, ಅಲ್ಲಿಂದ ಪಕ್ಕದ ಆಪರೇಷನ್ ಕೋಣೆಗೆ ಅವಳನ್ನು ಓಡಿಸಿಕೊಂಡೇ ಹೋದರು. ಗಂಡಸರು ನಿಲ್ಲುವ ಜಗುಲಿಯಿಂದ ನಾನು ನೋಡುತ್ತಿದ್ದೆ. ಹುಟ್ಟಿದ ಮೇಲೆ ಅಷ್ಟು ಹೆದರಿದ್ದೇ ಇಲ್ಲ. ಅತ್ತೆ ಗೋಡೆಗೆ ಒತ್ತಿಕೊಂಡು ನಿಂತು, ತಮ್ಮ ಕಾಲಬುಡದಲ್ಲಿ ಉರುಳಿಹೋದ ಚಕ್ರವನ್ನೇ ನೋಡುತ್ತಿದ್ದರು. ಹೆಣ್ಣು ಮಗು ಹುಟ್ಟಿತು, ಗಂಟಲು ಅಜ್ಜಿಯದೇ. ತಾಯಿಯೂ ಉಳಿದಳು.

ಗೌಡರ ಮನೆಯ ಚಿಕ್ಕತಾಯಮ್ಮ ಆಸ್ಪತ್ರೆ ಬಾಗಿಲಲ್ಲಿ ಕೂತಿದ್ದಾರಂತೆ ಎಂದು ಸಂತೆಯಿಂದ ಸಂತೆಗೆ ಸುದ್ದಿ ಹೋಯಿತು. ನೋಡಲು ಬಂದವರೇ ಬಹಳ ಜನ. “ಆವಮ್ಮ ಅಡ್ಡ ಕೂತವ್ಳೆ ಕಣೇ, ಇನ್ಯಾವ್ ಗಾಳಿ ಬಂದಾದು ಬುಡು” ಎಂದು ಹೆಂಗಸರು ಮಾತಾಡಿಕೊಂಡರು. ಜಯಮ್ಮ ಅಲ್ಲಿರುವಾಗಲೇ ಪಕ್ಕದ ಹಾಸಿಗೆಗಳೂ ತುಂಬಿದವು. ಡಾಕ್ಟರಮ್ಮನಿಗೆ ಊಟ ಮಾಡಲು ಪುರುಸೊತ್ತಿಲ್ಲದಂತಾಯಿತು.

ಹೇಳಿದಂತೆ ಸಾಹೇಬರು ಬಂದರು, ಬಡಗಿಯೂ ಜೊತೆಗಿದ್ದ. ಬೂಟು ಕಿರುಗುಟ್ಟಿಸುತ್ತಾ ಹೆರಿಗೆ ಕೋಣೆಯ ಬಾಗಿಲಿಗೆ ಬಂದರೆ ಅತ್ತೆ ಅಡ್ಡ ಕೂತಿದ್ದಾರೆ.

“ಯಾರಪ್ಪಾ ನೀನು? ಬೂಟು ಬುಡು ಮೊದ್ಲು. ಬುಟ್ರೂ ಒಳೀಕ್ ಬುಡಾಕಿಲ್ಲ, ಹೆಣ್ಮಕ್ಳವ್ರೆ.”

ಸಾಹೇಬರು ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದರು. “ಅಮ್ಮಾ, ನಿಮಗೆಲ್ಲ ಅನುಕೂಲವಾಗಲಿ ಅಂತಲೇ ಬಂದಿರೋದು. ಇಲ್ಲಿ ಒಂದು ಹೊಸಿಲು ಹಾಕಿಸ್ತೀವಿ.”

“ಎಳೇ ಮೊಗ ಮಲಗದೆ. ಸುತ್ಗೆ ಸದ್ದು ಮಾಡಿ ಬೆಚ್ಚಿಸ್ತೀಯಾ? ಬೇಕು ಅಂದಾಗ ಹಾಕಿಸ್ಲಿಲ್ಲ, ಈಗ್ ಬಂದವ್ನೆ. ಓಗಪ್ಪಾ, ನಾನ್ ಇರಗಂಟ ಇಲ್ಲೊಂದು ಮೊಳೆ ಹೊಡ್ಸಾಕಿಲ್ಲ.”

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಜಗುಲಿಯ ಕಂಬಕ್ಕೆ ಒರಗಿಕೊಂಡು, ನಗು ಬಾರದ ಹಾಗೆ ತುಟಿ ಕಚ್ಚಿ ನಿಂತಿದ್ದೆ. ತುಂಬಿದ ಹಾಸಿಗೆಗಳನ್ನು ಕಿಟಕಿಯಿಂದಲೇ ನೋಡಿ ಅವರು ಹೊರಟರು. ಆ ಆಸ್ಪತ್ರೆಗೆ ಹೊಸಿಲು ಬೀಳಲಿಲ್ಲ. ನನಗೆ ಮಾತ್ರ ಆ ವರ್ಷವೇ ದೂರದ ಊರಿಗೆ ವರ್ಗವಾಯಿತು. ಅಲ್ಲೂ ಚಪ್ಪಟೆ ತಾರಸಿಯನ್ನೇ ಕಟ್ಟಿದೆ.

ವರ್ಗದ ಕಾಗದ ಬರುವ ಮೊದಲು ನಡೆದದ್ದೊಂದಿದೆ, ಅದನ್ನು ಹೇಳಿ ಮುಗಿಸುತ್ತೇನೆ. ಬಾಣಂತಿಯನ್ನು ತವರಿಗೆ ಕರೆದೊಯ್ಯುವ ದಿನ ಬಂತು. ನಾನು, ಜಯಮ್ಮ, ಅತ್ತೆ ಮೂವರೂ ಗಾಡಿಯಲ್ಲಿದ್ದೆವು. ಹೊಟ್ಟೆಯ ಹೊಲಿಗೆ ಇನ್ನೂ ಎಳೆಯುತ್ತದೆ ಎಂದು ಜಯಮ್ಮ ಮಗುವನ್ನು ತಬ್ಬಿಕೊಂಡು ಒರಗಿ ಕೂತಿದ್ದಳು. ತೊಟ್ಟಿಮನೆಯ ಮುಂದೆ ಮಾವನವರೂ ಆರತಿ ತಟ್ಟೆ ಹಿಡಿದ ನೆರೆಮನೆಯ ಹೆಂಗಸರೂ ಕಾಯುತ್ತಿದ್ದರು. ತಲೆಬಾಗಿಲ ಹೊಸಿಲಿಗೆ ಅರಿಶಿನ ಕುಂಕುಮ ಬಳಿದು ಹೂ ಇಟ್ಟಿತ್ತು. ಜಯಮ್ಮ ಇಳಿಯಲು ಕಾಲು ಚಾಚಿದಳು.

“ತಡೀ ಮಗಾ, ಇಳೀಬ್ಯಾಡ” ಎಂದರು ಅತ್ತೆ. ಇಳಿದುಹೋಗಿ ಹೊಸಿಲ ಮುಂದೆ ನಿಂತರು.

“ಯಾಕಮ್ಮೀ? ರಾವುಕಾಲ ಆಗ್ಲೇ ಕಳೀತಲ್ಲ” ಎಂದರು ಮಾವ.

“ಆರೆ ತತ್ತಾ.”

“ಆರೆಯಾ? ಯಾತಕ್ಕೆ?”

“ಇದ್ನ ಕೀಳಾಕೆ.”

ಆರತಿ ಹಿಡಿದವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಆಗ ಮುಂದೆ ಬಂದವನು ಯಾರು ಅಂತೀರಿ? ನಾನೇ. “ಅತ್ತೆ, ಸ್ವಲ್ಪ ತಾಳಿ. ಇಡೀ ಬಾಗಿಲುವಾಡ ಅದರ ಮೇಲೇ ನಿಂತಿದೆ. ಹಾಗೆಲ್ಲ ಕಿತ್ತರೆ ಅಲ್ಲಾಡುತ್ತೆ. ಬಡಗಿ ಬರಲಿ, ನಾನೊಂದು ನಕ್ಷೆ ಬರೆದುಕೊಡ್ತೀನಿ, ಆಮೇಲೆ ನಿಧಾನವಾಗಿ...”

“ಪೇಪರ್ನಾಗೆ ಬರ್ದೋರು ನೀವೇ ತಾನೇ? ಮತ್ಯಾಕ್ ನಿಧಾನ?” ಅವರ ದೊಡ್ಡ ಗಂಟಲು ಒಡೆದುಹೋಗಿತ್ತು. “ನನ್ ದೊಡ್ಡೋಳ್ನ ಇದ್ರ ಮೇಲೇ ಇಳ್ಸುದ್ರಿ. ಕೂತಿದ್ದ ಅಷ್ಟ್ ದಿನಾನೂ ಗಾಡಿಮಂಚ ಬಂದಾಗೆಲ್ಲ ನಾನ್ ಸರ್ಕಂಡೆ ಕಣ್ರಪ್ಪಾ, ಈ ಮುದ್ಕಿ ಸರ್ಕಂಡ್ಳು. ದಿನಾ ಅರಿಸ್ನ ಬಳ್ದು ಕೈ ಮುಗೀತಿದ್ನಲ್ಲ ಇದ್ಕೆ, ಅವತ್ತು ಒಂದ್ ಗಳ್ಗೆ ಸರ್ಕಂತಾ ಇದು? ನನ್ ಮಗ್ಳಿಗೆ ದಾರಿ ಬುಡ್ತಾ?”

ಮಾವ ತಾವೇ ಕೊಟ್ಟಿಗೆಗೆ ಹೋಗಿ ಹಾರೆ ತಂದರು. ಅತ್ತೆ ಬಗ್ಗಿ ಹೊಸಿಲ ಮೇಲಿನ ಹೂವನ್ನು ಎತ್ತಿ ಮುಡಿದುಕೊಂಡರು. ಮೊದಲ ಏಟು ಅವರದೇ. ಮರ ಕದಲಲಿಲ್ಲ. ಎರಡನೆಯದಕ್ಕೆ ಹಾರೆಯನ್ನು ನನ್ನ ಕೈಗೆ ಕೊಟ್ಟರು. ಅಳುತ್ತಿದ್ದರು, ಕಣ್ಣು ಮಾತ್ರ ಒರೆಸಿಕೊಳ್ಳಲಿಲ್ಲ. ಬೊಂಬಾಯಿಯಲ್ಲಿ ಕಲಿತದ್ದನ್ನೆಲ್ಲ ಮರೆತು ನಾನು ಬಲವಾಗಿ ಮೀಟಿದೆ. ಬಾಗಿಲುವಾಡ ಕಿರುಗುಟ್ಟಿತು, ಮೇಲಿನಿಂದ ಮಣ್ಣು ಉದುರಿ ನನ್ನ ಕಣ್ಣಿಗೆ ಬಿತ್ತು.

“ಬೇಗ್ನೆ ಕೀಳ್ರೀ” ಎಂದಳು ಜಯಮ್ಮ ಗಾಡಿಯಿಂದ. “ಮೊಗಿಗೆ ಬಿಸ್ಲು ತಾಕ್ತದೆ.”